ಬೇಲಿಗೆ ಬಿಟ್ಟ ಕರೆಂಟು

ಕಾಮಸಮುದ್ರದ ಹತ್ತಿರದ ಊರೊಂದರಲ್ಲಿ ಹುಲ್ಲು ಕೊಯ್ಯಲು ಹೋದ ಹೆಂಗಸು, ಹೊಲದ ಬೇಲಿಗೆ ಬಿಟ್ಟಿದ್ದ ಕರೆಂಟು ಹೊಡೆದು ಸತ್ತಳು. ಅದಾದ ಮೇಲೆ ಅಧಿಕಾರಿಗಳು ಊರೂರಿಗೂ ಬಂದು, ಇನ್ನು ಹೀಗೆ ಮಾಡಿದವರಿಗೆ ವರ್ಷಗಟ್ಟಲೆ ಜೈಲು ಎಂದು ಎಚ್ಚರಿಸಿದರು. ಚಿಕ್ಕವೆಂಕಟಪ್ಪ ಎಲ್ಲರಿಗಿಂತ ಮುಂದೆ ಕೂತು ತಲೆಯಾಡಿಸಿದ. ಅಂದೇ ಸಂಜೆ ಕಾಡುಹಂದಿ ತಡೆಯಲೆಂದು ಮೋಟರ್ ಮನೆಯಿಂದ ತನ್ನ ಟೊಮೆಟೊ ತೋಟದ ತಂತಿಬೇಲಿಗೆ ವೈರು ಎಳೆದ.

"ಜೈಲಿಗೆ ಆಕ್ತೀವಿ ಅಂದ್ರಲ್ಲ?" ಹೆಂಡತಿ ಆದಿಲಕ್ಷ್ಮಮ್ಮ ಕೇಳಿದಳು.

"ಇಡಿದ್ರೆ ತಾನೆ ಆಕೋದು? ಇಷ್ಟು ವರ್ಸದಾಗೆ ಒಬ್ಬನಾದ್ರೂ ಬಂದು ನೋಡವ್ನಾ? ಸುಮ್ಕಿರೇ."

ಅವಳಿಗೆ ನಿದ್ದೆ ಬರಲಿಲ್ಲ. ನಾಯಿ ಬೊಗಳಿದರೂ ಯಾರೋ ಬೇಲಿ ಮುಟ್ಟಿದರೆಂದೇ ಎದ್ದು ಕೂರುತ್ತಿದ್ದಳು.

ಆಮೇಲೆ ಲೈನ್‌ಮನ್ ಕೆಲಸಕ್ಕೆ ಸುಮಲತ ಎಂಬ ಹುಡುಗಿ ಬಂದಳು. ಒಂದು ದಿನ ಮುಂಜಾನೆ, ಒಂದು ದಿನ ಮುಸ್ಸಂಜೆ, ಯಾವಾಗ ಬರುವಳೆಂದೇ ತಿಳಿಯುತ್ತಿರಲಿಲ್ಲ. ಸಿಕ್ಕಿದವರ ವೈರು ಕಿತ್ತು, ಮೋಟರಿನ ಕರೆಂಟನ್ನೂ ಒಂದು ವಾರ ನಿಲ್ಲಿಸುತ್ತಿದ್ದಳು. ಯಾರೂ ಜೈಲಿಗೆ ಹೋಗಲಿಲ್ಲ. ಆದರೂ ಊರಿನ ಬೇಲಿಗಳಿಂದ ವೈರುಗಳು ಮಾಯವಾದವು. ಚಿಕ್ಕವೆಂಕಟಪ್ಪನೂ ತನ್ನದನ್ನು ಸುತ್ತಿಟ್ಟ.

ಸುಮಲತಳಿಗೆ ಬೇತಮಂಗಲಕ್ಕೆ ವರ್ಗವಾಯಿತು. ಸುದ್ದಿ ಬಂದ ಸಂಜೆಯೇ ಅವನು ವೈರು ಹೆಗಲಿಗೇರಿಸಿ ಹೊರಟ. ಆದಿಲಕ್ಷ್ಮಮ್ಮ ಹಿಂದೆಯೇ ಹೋದಳು. ಅವನು ಬೇಲಿಗೆ ವೈರು ಕಟ್ಟಿ, ಮೋಟರ್ ಮನೆಯಲ್ಲಿ ಸ್ವಿಚ್ ಹಾಕಿ ತಿರುಗಿ ನೋಡಿದರೆ, ಅವಳು ಕೈ ಚಾಚಿಕೊಂಡು ಬೇಲಿಯತ್ತ ನಡೆಯುತ್ತಿದ್ದಳು.

"ಲೇ, ನಿಲ್ಲೇ! ಉಚ್ಚು ಇಡೀತಾ ನಿಂಗೆ?"

ಅವಳು ನಿಲ್ಲಲಿಲ್ಲ. ಅವನು ಸ್ವಿಚ್ ಆರಿಸಿ, ವೈರು ಕಿತ್ತೆಸೆದು ಓಡಿಬಂದು ಅವಳ ರಟ್ಟೆ ಹಿಡಿದ.

"ಆ ಲೈನ್‌ಮನ್ ಉಡುಗಿ ಓದ್ರೇನು, ನಾನಿವ್ನಿ," ಅಂದಳು. "ದಿನಾ ಬತ್ತೀನಿ. ಯಾವೊತ್ತು ಅಂತ ಏಳಾಕಿಲ್ಲ. ಬಂದು ಬೇಲಿ ಮುಟ್ತೀನಿ."

ಆ ರಾತ್ರಿ ಇಬ್ಬರೂ ತೋಟದಲ್ಲೇ ಕೂತು ತಗಡು ಬಡಿದರು. ಹಂದಿಗಳು ಒಂದು ಮೂಲೆಯನ್ನು ತುಳಿದೇ ಹೋದವು. ಬೆಳಿಗ್ಗೆ ಅವನು ಮೋಟರ್ ಮನೆಯ ಬೀಗದ ಕೈಯನ್ನು ಅವಳಿಗೆ ಕೊಟ್ಟ.

ಆದರೂ ಅವಳು ದಿನಾ ಬೇಲಿಯ ಬಳಿ ಹೋಗುವುದನ್ನು ಬಿಟ್ಟಿಲ್ಲ. ತಂತಿಗೆ ಕೈ ಇಡುವ ಮುಂಚೆ ಈಗಲೂ ಒಂದು ಗಳಿಗೆ ಕಣ್ಣು ಮುಚ್ಚುತ್ತಾಳೆ.