ಹೊಕ್ಕಳಿಲ್ಲದ ಫೋನು

ಅಜ್ಜಿಯ ಹಳೆಯ ಫೋನಿಗೆ ಹೊಕ್ಕಳಿತ್ತು. ಕೆಳಗಡೆ, ನಟ್ಟನಡುವೆ, ಒತ್ತಿದರೆ ಒಳಗೆ ಹೋಗುವ ಒಂದು ಗುಂಡಿ. ಎಲ್ಲಿ ದಾರಿ ತಪ್ಪಿದರೂ ಅದನ್ನೊತ್ತಿದರೆ ಮನೆ. ಅವಳ ಕಥೆಗಳ ರಾಜಕುಮಾರನಿಗೂ ಅಷ್ಟು ಸುಲಭದ ದಾರಿ ಸಿಕ್ಕಿರಲಿಲ್ಲ.

ಆ ಫೋನು ಇವತ್ತು ಬೆಳಿಗ್ಗೆ ಕೈಕೊಟ್ಟಿತು. ಕೆಟ್ಟಿರಲಿಲ್ಲ. ಮುಖ ನೋಡಿ ಮಾತಾಡುವ ಆ್ಯಪ್ ಮಾತ್ರ, ‘ನಿಮ್ಮ ಫೋನಿನ ಆವೃತ್ತಿ ತೀರಾ ಹಳೆಯದು’ ಎಂದು ಬಾಗಿಲು ಹಾಕಿಕೊಂಡಿತ್ತು. ರಿಪೇರಿ ಅಂಗಡಿಯ ಕೌಂಟರಿನಲ್ಲಿ ನಿಂತು ದಿನವಿಡೀ ನಾನು ಬಂದವರಿಗೆಲ್ಲ ಹೇಳುವುದೂ ಅದನ್ನೇ. ಹೇಳಿ ಹೇಳಿ ನಾಲಿಗೆ ಸವೆದಿದೆ. ಮೊದಲು ಗುಂಡಿ ಇತ್ತು. ಆಮೇಲೆ ಗುಂಡಿ ಹೋಗಿ ಗಾಜಿನ ಮೇಲೆ ಅದರ ಚಿತ್ರ ಬಂತು. ಈಗ ಚಿತ್ರವೂ ಇಲ್ಲ, ಬೆರಳಾಡಿಸಬೇಕು. ಪ್ರತಿ ಸಲವೂ ಕಲಿಯುವುದು, ಕಲಿತದ್ದನ್ನು ಮರೆಯುವುದು.

ಅಜ್ಜಿಯ ತಂಗಿ ಚಿಕ್ಕಜ್ಜಿ ದೂರದಲ್ಲಿ ಹಾಸಿಗೆ ಹಿಡಿದಿದ್ದಾಳೆ. ದಿನಾ ಸಂಜೆ ಅಕ್ಕನ ಮುಖ ಕಂಡು, ಒಂದು ಕಥೆ ಕೇಳಿದರೇನೇ ಅವಳಿಗೆ ನಿದ್ದೆ. ನಾಳೆಯಿಂದ ನನಗೆ ಸಂಜೆ ಪಾಳಿ. ಅಂಗಡಿಯಿಂದ ನಾನು ತಂದ ಹೊಸ ಫೋನು ಅಜ್ಜಿಯ ಕೈಗೆ ಇವತ್ತೇ ಒಗ್ಗಬೇಕು.

“ಇದರ ಹೊಕ್ಕಳೆಲ್ಲೇ?” ಅಜ್ಜಿ ಫೋನನ್ನು ಕೂಸಿನಂತೆ ಬೋರಲು ಹಾಕಿ ನೋಡಿದಳು.

“ಈಗಿನವಕ್ಕೆ ಇರಲ್ಲ ಅಜ್ಜಿ.”

“ಹೊಕ್ಕಳಿಲ್ದೆ ಹುಟ್ಟಿದ್ದಾದ್ರೂ ಹೇಗೆ?”

ನಗುವುದಕ್ಕೂ ನನ್ನಲ್ಲಿ ತ್ರಾಣವಿರಲಿಲ್ಲ. “ಕೆಳಗಿಂದ ಸ್ವೈಪ್ ಮಾಡು.”

“ಹಾಗಂದ್ರೆ?”

“ಸವರು.”

ಜ್ವರ ಬಂದವರ ಹಣೆ ಸವರುವಂತೆ ಅಜ್ಜಿ ಅಂಗೈಯಿಂದ ಇಡೀ ಫೋನನ್ನು ಸವರಿದಳು. ಅದು ಮಿಸುಕಲಿಲ್ಲ.

ಕೊನೆಗೆ ಕರೆ ನಾನೇ ಹಚ್ಚಿಕೊಟ್ಟೆ. ಕಥೆ ಏಳು ಬಾಗಿಲ ಅರಮನೆಯ ಕೊನೆಯ ಬಾಗಿಲಿಗೆ ಬರುವಷ್ಟರಲ್ಲಿ ಮೇಲಿನಿಂದ ಯಾವುದೋ ಸಂದೇಶ ಇಳಿಯಿತು. ಅಜ್ಜಿ ಮುಟ್ಟಿಯೇಬಿಟ್ಟಳು. ಚಿಕ್ಕಜ್ಜಿಯ ಮುಖ ಮಾಯ. ದನಿ ಮಾತ್ರ ಕೇಳುತ್ತಿತ್ತು.

“ಹೂಂ... ಹೂಂ... ಆಮೇಲೆ? ಅಕ್ಕಾ, ಎಲ್ಲಿ ಹೋದ್ಯೇ?”

“ಇಲ್ಲೇ ಇದೀನಿ, ಇಲ್ಲೇ...” ಅಜ್ಜಿಯ ಹೆಬ್ಬೆರಳು ಗಾಜಿನ ಬುಡದಲ್ಲಿ ಇಲ್ಲದ ಹೊಕ್ಕಳನ್ನು ಒತ್ತುತ್ತಲೇ ಇತ್ತು. “ನನ್ನ ಕೈಲಾಗಲ್ಲ ಪುಟ್ಟಿ, ನೀನೇ ಮಾಡು.”

ಚಾಚಿದ ಕೈಯನ್ನು ನಾನು ಹಿಂದಕ್ಕೆಳೆದುಕೊಂಡೆ. ನಾಳೆ ನಾನಿರುವುದಿಲ್ಲ.

“ಅಜ್ಜಿ, ಚಿಕ್ಕೋಳಿದ್ದಾಗ ಕಥೆ ಮುಗಿಯೋಕೆ ಮುಂಚೆ ನಂಗೆ ನಿದ್ದೆ ಬಂದ್ಬಿಡ್ತಿತ್ತಲ್ಲ. ಹೊದಿಕೆ ಹೇಗೆ ಹೊದಿಸ್ತಿದ್ದೆ?”

“ಕಾಲಿಂದ ಮೇಲಕ್ಕೆ.”

“ಹಾಗೇ. ಒಂದೇ ಬೆರಳಲ್ಲಿ, ಎಚ್ಚರ ಆಗದ ಹಾಗೆ.”

ಅಜ್ಜಿ ಫೋನಿನ ಕಾಲ ಬಳಿಯಿಂದ ಬೆರಳನ್ನು ಮೆಲ್ಲಗೆ ಮೇಲಕ್ಕೆಳೆದಳು. ಸಂದೇಶ ಸರಿದುಹೋಯಿತು. ಮೂಲೆಯಲ್ಲಿ ಚಿಕ್ಕಜ್ಜಿ ಉಗುರಿನಷ್ಟಾಗಿ ಕಂಡಳು, ಮುಟ್ಟಿದಾಗ ದೊಡ್ಡವಳಾದಳು.

“ಬಂದ್ಯಾ?”

“ಬಂದೆ. ಎಲ್ಲಿದ್ವಿ?”

“ಆರನೇ ಬಾಗ್ಲಲ್ಲಿ.”

“ಏಳನೇದು! ಆಗ್ಲೇ ತೂಕಡಿಸ್ತಿದ್ದೀಯ?”

ಅಷ್ಟರಲ್ಲಿ ಫೋನು ಮತ್ತೆ ಟಿಣ್ ಎಂದಿತು. ಅಜ್ಜಿ ಈ ಸಲ ಮುಟ್ಟದೆ ನನ್ನತ್ತ ತಿರುಗಿಸಿದಳು. ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ ಎಂದು ಕೇಳುತ್ತಿತ್ತು. ಅದರಲ್ಲಿ ಹೊದಿಕೆ ಯಾವ ಕಡೆಯಿಂದಲೋ!

“ಏನಂತೆ?”

“ಏನಿಲ್ಲ. ‘ಆಮೇಲೆ’ ಅಂತಿದೆ ನೋಡು, ಅದನ್ನೊತ್ತು.”

ಒತ್ತಿದಳು. ಏಳನೆಯ ಬಾಗಿಲು ಕಿರ್ರೆಂದು ತೆರೆಯಿತು. ಗೋಡೆಗೊರಗಿ ಕಣ್ಣು ಮುಚ್ಚಿದ್ದ ನಾನೂ ಚಿಕ್ಕಜ್ಜಿಯ ಜೊತೆ ಸ್ವಲ್ಪ ಹೊತ್ತು ಹೂಂಗುಟ್ಟಿದೆ.