ಸೀದ ರೊಟ್ಟಿ

ಯಂಕಂಚಿಯ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ನಾನು ಮಗಳು ಶೈಲಶ್ರೀಗೆ ಕತೆ ಓದುತ್ತೇನೆ. ಪುಸ್ತಕ ಹಿಟ್ಟಿನ ಡಬ್ಬಿಗೆ ಒರಗಿರುತ್ತದೆ, ಬಡಿತದ ಲಯಕ್ಕೆ ಮಾತು ಹೊರಡುತ್ತದೆ.

ಇಂದು ಕತೆಯ ಒಂಟೆ ಸಂತೆಗೆ ಹೊರಡುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಅತ್ತೆ ರುಕ್ಮವ್ವ ಪುಸ್ತಕ ಕಿತ್ತುಕೊಂಡು ಒಲೆಯ ಬಾಯಿಗೆ ಹಿಡಿದರು.

“ಏಳನೇ ಕ್ಲಾಸಿಗೇ ಸಾಲಿ ಬಿಟ್ಟಾಕಿ, ಈಗ ಪಾಠಾ ಹೇಳೋ ದೊಡ್ಡ ಅಕ್ಕೋರಾಗ್ಯಾಳ!”

ಎಂದೂ ಎದುರಾಡದ ನಾನು ಅವರ ಮುಂಗೈ ಹಿಡಿದೆ.

“ನಾ ಬಿಟ್ಟಿಲ್ರಿ ಅತ್ತಿ, ಬಿಡಿಸ್ಯಾರ. ಸೀದ ರೊಟ್ಟಿ ನಾನ ತಿಂತೇನಿ. ಪುಸ್ತಕ ಕೊಡ್ರಿ.”

ಅವರು ಕೊಡಲಿಲ್ಲ. ಅಷ್ಟರಲ್ಲಿ, ಇನ್ನೂ ಅಕ್ಷರ ಬಾರದ ಶೈಲಶ್ರೀ ನೆಲಕ್ಕೆ ಅಂಗೈ ಬಡಿಯುತ್ತ ತಾನೇ ಕತೆ ಹೇಳತೊಡಗಿದಳು:

“ಒಂಟಿ ಸಂತಿಗಿ ಹೊಂಟಿತು, ಹೊಂಟಿತು... ಆಮ್ಯಾಲ?”

ಅತ್ತೆಯ ಹಿಡಿತ ಸಡಿಲಾಯಿತು. ನಾನು ಪುಸ್ತಕ ಎಳೆದುಕೊಂಡೆ. ಸೀದ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿಕೊಂಡು, ಮೊದಲಿಗಿಂತ ಗಟ್ಟಿಯಾಗಿ ಓದಿದೆ.