ಹಸಿರು ಕೋಟಿಗೆ ಕೆಂಪು ದಾರ

ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುವ, ಅಂಚು ಹೊಲಿಯುವ ಕೈಕೆಲಸವೆಲ್ಲ ಅಲ್ಲಿನವರು ಅಕ್ಕ ಎಂದು ಕರೆಯುವ ಹೆಂಗಸಿನದು. ಮೂವತ್ತು ವರ್ಷ ಪಳಗಿದ ಕೈ. ಕಣ್ಣು ಮುಚ್ಚಿಕೊಂಡೂ ಹೊಲಿದಾಳು. ಆದರೆ ಈಚೆಗೆ ಸೂಜಿಗೆ ದಾರ ಪೋಣಿಸುವುದು ಮಾತ್ರ ಅವಳಿಂದಾಗದು. ಕನ್ನಡಕ ಬದಲಿಸಿದರೂ ಅಷ್ಟೇ. ಯಜಮಾನಿಗೆ ಗೊತ್ತಾದರೆ "ಇನ್ನು ಮನೆಯಲ್ಲಿ ಆರಾಮವಾಗಿರಿ" ಅಂದುಬಿಟ್ಟಾಳೆಂಬ ಭಯ. ಈ ಕೆಲಸ ಹೋದರೆ ಅವಳಿಗೆ ಆರಾಮವೆಲ್ಲಿಂದ ಬರಬೇಕು?

ಒಂದು ಸಂಜೆ ಹೊರಡುವಾಗ ಸೂಜಿ ಚುಚ್ಚಿಡುವ ದಿಂಬಿನ ಮುಂದೆ ಕೈಮುಗಿದು, "ದೇವರೇ, ಕಣ್ಣು ಕೊಡು. ಇಲ್ಲಾಂದ್ರೆ ನೀನೇ ಬಂದು ದಾರ ಪೋಣಿಸು" ಅಂದಳು. ಬೆಳಿಗ್ಗೆ ನೋಡಿದರೆ ಹನ್ನೆರಡು ಸೂಜಿಗಳಿಗೂ ದಾರ ಬಿದ್ದಿತ್ತು. ಮರುದಿನವೂ ಹಾಗೆಯೇ. ಅಕ್ಕ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಎದುರು ಮೇಜಿನ ಕಟಿಂಗ್ ಮಾಸ್ಟರಿಗೆ ಎಲ್ಲರೂ ಇಟ್ಟ ಹೆಸರು ಸಿಡುಕಪ್ಪ. ಅಕ್ಕ ಸೂಜಿಗಳಿಗೆ ಕೈಮುಗಿಯುವುದನ್ನು ಕಂಡರೆ, "ದೇವರಿಗೇನು ಬೇರೆ ಕೆಲಸ ಇಲ್ವಾ?" ಎಂದು ಗೊಣಗುತ್ತಿದ್ದ. ಇಂಥ ಒಣ ಮನುಷ್ಯನಿಗೂ ಒಳ್ಳೆ ಬುದ್ಧಿ ಕೊಡಪ್ಪಾ ಎಂದು ಅವಳು ಅವನ ಪರವಾಗಿಯೂ ಬೇಡಿಕೊಳ್ಳುತ್ತಿದ್ದಳು.

ಎರಡು ತಿಂಗಳು ಬರೀ ಬಿಳಿ, ಕಪ್ಪು, ನೀಲಿ ಬಟ್ಟೆ, ಎಲ್ಲ ಸುಸೂತ್ರ. ಆಮೇಲೆ ವಾದ್ಯದವರ ಹಸಿರು ಕೋಟುಗಳು ಬಂದವು. ಬೆಳಿಗ್ಗೆ ಅಕ್ಕ ದಿಂಬು ನೋಡಿದಳು. ಹನ್ನೆರಡು ಸೂಜಿಯಲ್ಲೂ ಕೆಂಪು ದಾರ.

ಕೆಂಪು, ಹಸಿರು ಎರಡೂ ಒಂದೇ ಆಗಿ ಕಾಣುವವನು ಆ ಅಂಗಡಿಯಲ್ಲಿ ಒಬ್ಬನೇ. ಹೋದ ವರ್ಷ ಒಂದು ಕಾಲಿಗೆ ಕೆಂಪು, ಇನ್ನೊಂದಕ್ಕೆ ಹಸಿರು ಕಾಲುಚೀಲ ಹಾಕಿಕೊಂಡು ಬಂದು, ನಕ್ಕವರ ಮೇಲೆಲ್ಲ ಹರಿಹಾಯ್ದಿದ್ದ.

ಅಕ್ಕ ತಲೆಯೆತ್ತಿ ನೋಡಿದಳು. ಸಿಡುಕಪ್ಪ ಏನೂ ಅರಿಯದವನ ಹಾಗೆ ಬಟ್ಟೆಯ ಮೇಲೆ ಬಗ್ಗಿ ಕತ್ತರಿ ಆಡಿಸುತ್ತಿದ್ದ. ದಿನವೂ ಎಲ್ಲರಿಗಿಂತ ಮೊದಲು ಬರುತ್ತಿದ್ದುದು ಇದಕ್ಕೇ ಹಾಗಾದರೆ. ಅವಳಿಗೆ ನಗುವೂ ಬಂತು, ಅಳುವೂ ಬಂತು. ದೇವರು ಬರಲಿಲ್ಲವಲ್ಲ ಎಂದು ಒಂದು ಕ್ಷಣವೂ ಅನಿಸಲಿಲ್ಲ. ಇಷ್ಟು ಹತ್ತಿರ ಕೂತಿದ್ದಾನಲ್ಲ ಎಂದು ಹಿಗ್ಗಿಹೋದಳು. ಪುಣ್ಯಕ್ಕೆ ಕೋಟಿನ ಒಳಪದರದ ಬಟ್ಟೆ ಕೆಂಪು. ಆ ದಿನ ಅದನ್ನೇ ಹೊಲಿದು ಮುಗಿಸಿದಳು.

ಸಂಜೆ ಹಸಿರು ದಾರದ ರೀಲಿಗೆ ಬಿಳಿ ಬಟ್ಟೆಯ ಚೂರೊಂದನ್ನು ಕಟ್ಟಿ, ದಿಂಬಿಗೆ ಕೈಮುಗಿದು ಗಟ್ಟಿಯಾಗಿ ಹೇಳಿದಳು: "ದೇವರೇ, ಬಿಳಿ ಚೂರು ಕಟ್ಟಿರೋದು ಹಸಿರು ದಾರ. ನಾಳೆ ಅದನ್ನೇ ಪೋಣಿಸಪ್ಪ."

ಎದುರು ಮೇಜಿನಲ್ಲಿ ಕತ್ತರಿ ನಿಂತಿತು.

"ಮೆಲ್ಲಗೆ ಹೇಳಿ ಅಕ್ಕ, ಯಜಮಾನಿ ಒಳಗೇ ಇದ್ದಾರೆ," ಅಂದ ಸಿಡುಕಪ್ಪ, ತಲೆಯೆತ್ತದೆ. "ದೇವರಿಗೆ ಬಣ್ಣ ಕಾಣದೇ ಇರಬಹುದು. ಕಿವಿ ಚೆನ್ನಾಗೇ ಕೇಳ್ಸುತ್ತೆ."